ಆ 350 ರೂಪಾಯಿ ಯಾರು ಕೊಟ್ರು? (ಬಿಕಾಂ ಹುಡುಗನ ಕೋಡಿಂಗ್, ಭಾಗ 4)

ಫೋಟೋದಲ್ಲಿ ಇರೋದು ನಮ್ಮ ಚಿಕ್ಕಮ್ಮನ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ, ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪ್. ಎರಡರಲ್ಲಿ ಯಾವುದು ತಪ್ಪು ಹೇಳ್ತಿತ್ತು, ಗೆಸ್ ಮಾಡಿ 😅

ಪೈಥಾನ್ ಕಲೀತಿದೀನಲ್ಲ ಅನ್ನೋ ಹುಮ್ಮಸ್ಸಲ್ಲಿ ಸಂಘದ ತಿಂಗಳ ರಿಪೋರ್ಟ್ ನಾನೇ ಮಾಡ್ಕೊಡ್ತೀನಿ ಅಂದೆ. ನೀಟಾಗಿ ಕಾಣ್ಲಿ ಅಂತ ಎಲ್ಲಾ ನಂಬರಿಗೂ ಒಂದೇ ಫಾರ್ಮ್ಯಾಟ್ ಹಾಕ್ದೆ: ‘.3ಜಿ’. ಅಂದ್ರೆ ಮೂರು ಸಿಗ್ನಿಫಿಕೆಂಟ್ ಫಿಗರ್ಸ್. ಸೊನ್ನೆಯಲ್ಲದ ಮೊದಲ ಅಂಕಿಯಿಂದ ಎಣಿಸಿ ಮೂರು ಅಂಕಿ ಇಟ್ಕೊಳ್ಳುತ್ತೆ, ಮಿಕ್ಕಿದ್ದನ್ನು ರೌಂಡ್ ಮಾಡುತ್ತೆ. ಒಟ್ಟು ಉಳಿತಾಯ 1,84,650 ರೂಪಾಯಿ. ಪ್ರಿಂಟ್ ಆಗಿದ್ದು 1.85ಇ+05.

“ಇದೇನೋ, ನಮ್ ದುಡ್ಡಿನ ಮಧ್ಯ ಇಂಗ್ಲಿಷ್ ಅಕ್ಷರ?”

‘ಇ’ ಅಂದ್ರೆ ಹತ್ತರ ಘಾತ ಚಿಕ್ಕಮ್ಮ ಅಂತ ಶುರು ಮಾಡಿ, ಅವರ ಮುಖ ನೋಡಿ ನಿಲ್ಲಿಸ್ದೆ. ರೌಂಡ್ ಫಂಕ್ಷನ್‌ಗೆ ಮೈನಸ್ 3 ಕೊಟ್ಟು 1,85,000 ಬರೋ ಹಾಗೆ ಮಾಡ್ದೆ. ಈಗ ಚೆನ್ನಾಗಿದೆ ಅಲ್ವಾ? ಅವರು ಪುಸ್ತಕ ತೆರೆದು ಕೇಳಿದ್ದು ಒಂದೇ ಮಾತು: “ಆ 350 ಯಾರು ಕೊಟ್ರು?”

ಮೀಟಿಂಗಲ್ಲಿ ಸದಸ್ಯರ ಮುಂದೆ ಉತ್ತರ ಕೊಡಬೇಕಾಗಿದ್ದು ಅವರು, ನಾನಲ್ಲ. ಪಾಸ್‌ಬುಕ್ ಒಂದು ಹೇಳಿ ರಿಪೋರ್ಟ್ ಇನ್ನೊಂದು ಹೇಳಿದ್ರೆ ಅನುಮಾನ ಬರೋದು ಪೈಥಾನ್ ಮೇಲಲ್ಲ, ಲೆಕ್ಕ ಬರೆಯೋಳ ಮೇಲೆ.

ಅದಕ್ಕೇ ಹೇಳ್ತೀನಿ, ಬೈದ್ರೂ ಪರವಾಗಿಲ್ಲ: ಲೆಡ್ಜರಿನ ಮೊತ್ತಕ್ಕೆ ಸಿಗ್ನಿಫಿಕೆಂಟ್ ಫಿಗರ್ಸ್ ಹಾಕ್ಬೇಡಿ. ಅದು ಅಳತೆಗೆ, ಹೋಲಿಕೆಗೆ ಇರೋ ಸಾಧನ. ಅನುಪಾತಕ್ಕಂತೂ ಬೇಕೇ ಬೇಕು. ಬಾಕಿ ಸಾಲದ ಪಾಲು ಹೋದ ತಿಂಗಳು 0.0012, ಈ ತಿಂಗಳು 0.0043 ಅಂತಿಟ್ಕೊಳ್ಳಿ. ನಮ್ಮ ಅಭ್ಯಾಸದಂತೆ ಎರಡು ದಶಮಾಂಶ ಸ್ಥಾನ ಹಾಕಿದ್ರೆ ಎರಡೂ 0.00! ಮೂರೂವರೆ ಪಟ್ಟು ಏರಿದ್ದು ಮಾಯ. ಅಲ್ಲಿ ‘.2ಜಿ’ ಹಾಕಿ, ಎರಡೂ ಕಾಣುತ್ತೆ. (2.50 ಅನ್ನು ‘.3ಜಿ’ 2.5 ಮಾಡುತ್ತೆ. ಕೊನೆಯ ಸೊನ್ನೆ ಉಳೀಬೇಕಂದ್ರೆ ಮುಂದೆ ಒಂದು ಹ್ಯಾಶ್ ಸೇರ್ಸಿ.)

ಇನ್ನೂ ದೊಡ್ಡ ತಪ್ಪು ಇದೆ, ನಾನು ಅದಕ್ಕೂ ಕೈ ಹಾಕಿದ್ದೆ. ರೌಂಡ್ ಆದ ನಂಬರನ್ನೇ ಸೇವ್ ಮಾಡಿ ಮುಂದಿನ ತಿಂಗಳಿಗೆ ಬಳಸೋದು. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ 1982ರಲ್ಲಿ 1000 ಅಂಕದಿಂದ ಸೂಚ್ಯಂಕ ಶುರು ಮಾಡ್ತು. ಪ್ರತಿ ಸಲ ಲೆಕ್ಕ ಹಾಕುವಾಗ ಮೂರನೇ ದಶಮಾಂಶದ ಆಚೆಗಿನದನ್ನು ರೌಂಡ್ ಕೂಡ ಮಾಡದೆ ಕತ್ತರಿಸಿ ಹಾಕ್ತಿದ್ರು, ಆ ಕತ್ತರಿಸಿದ ಬೆಲೆಯಿಂದಲೇ ಮುಂದಿನ ಲೆಕ್ಕ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 520ರ ಆಸುಪಾಸು. ಸರಿ ಮಾಡಿ ನೋಡಿದ್ರೆ ಇರಬೇಕಾಗಿದ್ದು 1098. ಮಾರುಕಟ್ಟೆ ಬಿದ್ದಿರ್ಲಿಲ್ಲ ಗುರೂ, ಕತ್ತರಿ ಬಿದ್ದಿತ್ತು.

ಒಳಗೆ ಪೂರ್ತಿ ನಂಬರ್ ಇರ್ಲಿ, ಪ್ರಿಂಟ್ ಮಾಡೋ ಸಾಲಲ್ಲಿ ಮಾತ್ರ ಫಾರ್ಮ್ಯಾಟ್. ದುಡ್ಡಿಗೆ ಫ್ಲೋಟ್ ಬದಲು ಡೆಸಿಮಲ್ ಬಳಸಿ. ನಂಬಿಕೆ ಇಲ್ವಾ? ಪೈಥಾನಲ್ಲಿ 2.675 ಅನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿ ನೋಡಿ, 2.67 ಬರುತ್ತೆ. ಆ ಸಂಖ್ಯೆ ಬೈನರಿಯಲ್ಲಿ ಕೂದಲೆಳೆಯಷ್ಟು ಕಡಿಮೆಯಾಗಿ ಕೂತಿರುತ್ತೆ.

ಹೊಸ ರಿಪೋರ್ಟಲ್ಲಿ 1,84,650.00 ಅಂತಲೇ ಇದೆ. ಲಕ್ಷದ ಅಲ್ಪವಿರಾಮ ನಾನೇ ಕೋಡ್ ಬರೆದು ಹಾಕ್ದೆ, ಪೈಥಾನ್ ತಾನಾಗಿ ಹಾಕೋದು 184,650. ಚಿಕ್ಕಮ್ಮ ಆದ್ರೂ ಪೆನ್ ತಗೊಂಡು ಇನ್ನೊಂದ್ಸಲ ಕೂಡಿ ನೋಡಿದ್ರು. ಆಮೇಲೇ ಸಹಿ.