ಅಜ್ಜಿ ಗೇರ್ ಅಂದ್ರ ನಗೂದ್ಯಾಕ?

ಗುಡ್ಡದಾಗ ಸೈಕಲ್ ಹೊಡಿಯೋರ ಬಾಯಾಗ ಒಂದು ಮಾತದ, ‘ಗ್ರ್ಯಾನಿ ಗೇರ್’. ಅಂದ್ರ ಅಜ್ಜಿ ಗೇರ್. ಆ ಮಾತು ನಂಗ ಒಟ್ಟ ಸೇರೂದಿಲ್ಲ. ನಮ್ಮ ಅಕ್ಕನ ಮಗ ಕ್ಯಾಲಿಫೋರ್ನಿಯಾದಾಗ ಇರ್ತಾನ, ರವಿವಾರ ಬಂತಂದ್ರ ಗುಡ್ಡಕ್ಕ ಹೊಂಟ. "ಇವತ್ತ ಅಜ್ಜಿ ಗೇರಿಗೆ ಬಂದ್ಬಿಟ್ಟೆ ಮೌಶಿ" ಅಂತ ಏನೋ ತಪ್ಪು ಮಾಡಿದವರಂಗ ಹೇಳ್ತಾನ. ಕಾಲಾಗ ಕಸುವಿಲ್ಲದವರ ಗೇರ್ ಅಂತ ಅದು! ಅವನ ಹೆಂಡತಿ ಹೊಸದಾಗಿ ಕಲಿಯಾಕ ಹತ್ಯಾಳ. ಉಳದವರು ನಗತಾರಂತ ಆ ಗೇರ್ ಹಾಕದ, ಏರಿನ್ಯಾಗ ಒತ್ತಿ ಒತ್ತಿ ತುಳದು ಮೊಣಕಾಲು ಹಿಡಕೊಂಡು ಕೂತಾಳ. ಹೆಸರಿಟ್ಟು ನಕ್ಕವರಿಗೇನು, ನೋವು ಈಕಿಗೆ.

ಆ ಗೇರ್ ಏನು ಮಾಡ್ತದ ಕೇಳ್ರಿ. ಪೆಡಲ್ ಹತ್ರ ಮೂರು ಹಲ್ಲಿನ ಚಕ್ರ ಇರೋ ಸೈಕಲ್ನ್ಯಾಗ ಎಲ್ಲಾಕಿಂತ ಸಣ್ಣದು ಅಜ್ಜಿ. 22 ಹಲ್ಲು ಅಂತ ಇಟಗೋರಿ. ಹಿಂದಿನ ಗಾಲಿಗೆ 34 ಹಲ್ಲಿನ ಚಕ್ರ. ಒಂದು ಸುತ್ತು ತುಳದ್ರ ಗಾಲಿ ಮುಕ್ಕಾಲು ಸುತ್ತೂ ತಿರಗೂದಿಲ್ಲ. ಸಾವಕಾಶ ಖರೆ, ಆದ್ರ ದೊಡ್ಡ ಚಕ್ರ ಕೈ ಬಿಟ್ಟ ಕಡದಾದ ಏರಿನ್ಯಾಗ ಮ್ಯಾಲೆ ಮುಟ್ಟಸೋದು ಇದ. ಆ ದೊಡ್ಡದಕ್ಕ ‘ಬಿಗ್ ರಿಂಗ್’ ಅಂತ ಮರ್ಯಾದಿ. ಅದನ್ನ ಯಾರೂ ಅಜ್ಜ ಅಂದಿಲ್ಲ ನೋಡ್ರಿ.

ಈಗಿನ ಹೊಸಾ ಸೈಕಲ್ನ್ಯಾಗ ಮುಂದ ಒಂದ ಚಕ್ರ. ಅಜ್ಜಿ ಕಾಲ ಮುಗೀತು ಅಂತ ಹಿಗ್ಗತಾರ. ಹಿಂದ ಹೋಗಿ ನೋಡಿದ್ರ ಊಟದ ತಾಟಿನಂಥಾ 50 ಹಲ್ಲಿನ ಚಕ್ರ ಕೂತದ! ಮುಂದ 32, ಹಿಂದ 50. ಭಾಗಿಸಿ ನೋಡ್ರಿ, 22ಕ್ಕ 34 ಇದ್ದಂಗ ಆತು, ಕೂದಲೆಳಿ ಫರಕು. ಮುಂಬಾಗಲಿಂದ ಅಜ್ಜಿನ್ನ ಹೊರಗ ಹಾಕಿ ಹಿತ್ತಲ ಬಾಗಲಿಂದ ಕರಕೊಂಡು ಬಂದಾರ, ದುಡಿಯಾಕ.

ಅವರ ಎಲ್ಲಾ ಮಾತೂ ಕೆಟ್ಟವು ಅನ್ನಂಗಿಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಸೀಮಿಯೊಳಗ ‘ರೀಪ್ಯಾಕ್’ ಅಂತ ಒಂದು ಇಳಿಜಾರದ. 1976ರಾಗ ಅಲ್ಲೆ ಹಳೇ ಸೈಕಲ್ ತಗೊಂಡು ಪಂದ್ಯಾ ಶುರು ಮಾಡಿದ್ರು. ಕೆಳಗ ಬರೂದ್ರಾಗ ಬ್ರೇಕಿನ ಗ್ರೀಸ್ ಸುಟ್ಟು ಹೋಗಿ ಮತ್ತ ತುಂಬಬೇಕಾಗ್ತಿತ್ತು, ಅದಕ್ಕ ಆ ಹೆಸರು. ಕಲ್ಲಿಗೂ ರಿಮ್ಮಿಗೂ ನಡುವ ಟ್ಯೂಬ್ ಸಿಕ್ಕು ಜೋಡಿ ತೂತು ಬಿದ್ರ ‘ಸ್ನೇಕ್ ಬೈಟ್’, ಹಾವು ಕಚ್ಚಿದಂಗ. ಕಂಡದ್ದನ್ನ ಕಂಡಂಗ ಹೇಳ್ಯಾರ, ಛಲೋ ಅದ. ಆದ್ರ ದಾರಿಯೊಳಗಿನ ಗುಂಡಗಲ್ಲಿಗೆ ‘ಬೇಬಿ ಹೆಡ್ಸ್’, ಕೂಸಿನ ತಲಿ ಅಂತ! ಆ ಹೆಸರಿಟ್ಟಾಂವ ಎಂದೂ ಕೂಸಿಗೆ ಎಣ್ಣಿ ಹಚ್ಚಿ ಎರದಾಂವಲ್ಲ. ಜೀವಕ್ಕ ಅಪಾಯ ಇರೋ ದಾರಿಗೆ ‘ವಿಡೋ ಮೇಕರ್’, ವಿಧವಾ ಮಾಡೋದು. ಬೀಳಾಂವ ಗಂಡಸು, ಮನ್ಯಾಗ ಅಳಾಕಿ ಹೆಂಗಸು ಅಂತ ಮೊದಲ ಬರದಿಟ್ಟಂಗ. ಸೈಕಲ್ ಮ್ಯಾಲೆ ಹೆಂಗಸು ಇರಬಹುದು ಅನ್ನೋದು ತಲ್ಯಾಗ ಇಲ್ಲ.

ಇದ್ರಲ್ಲಾ! ಆ ರೀಪ್ಯಾಕ್ ಇಳಿಜಾರಿನ್ಯಾಗ ವೆಂಡಿ ಕ್ರ್ಯಾಗ್ ಅನ್ನೋರೂ ಇಳದಾರ, ಆ ಕಾಲದ ಫೋಟೋಗಳನ್ನೂ ತಗದಾರ. ಜರ್ಮನಿಯ ಸಬೀನ್ ಸ್ಪಿಟ್ಜ್ 2008ರ ಬೀಜಿಂಗ್ ಒಲಿಂಪಿಕ್ಸಿನ್ಯಾಗ ಗುಡ್ಡದ ಸೈಕಲ್ ಪಂದ್ಯಾ ಗೆದ್ದು ಬಂಗಾರ ತಂದ್ರು. 2012ಕ್ಕ ಲಂಡನ್ನಿನ್ಯಾಗ ಬೆಳ್ಳಿ, ಆವಾಗ ವಯಸ್ಸು 40.

ನಿಮ್ಮ ಮನಿ ಹುಡುಗ್ರು ಯಾರರ ಅಜ್ಜಿ ಗೇರ್ ಅಂತ ನಕ್ಕರ, ಸುಮ್ಮನ ಕೂಡಬ್ಯಾಡ್ರಿ ವೈನಿ. 32ಕ್ಕ 50ರ ಲೆಕ್ಕಾ ಬಿಡಸು ಅಂತ ಹೇಳ್ರಿ, ಆಮ್ಯಾಲೆ ಚಹಾ ಕೊಡ್ರಿ.