ಹಣ ಕಟ್ಟುವ ಮುನ್ನ ಗ್ರಂಥಾಲಯಕ್ಕೆ ಬನ್ನಿ

ನಮ್ಮ ಗ್ರಂಥಪಾಲಕರು ವಾಣಿಜ್ಯ ಓದಿದವರಲ್ಲ. ಆದರೂ ‘ಈ ಕಂಪನಿಯನ್ನು ನಂಬಬಹುದೇ?’ ಎಂದು ಮೊದಲು ಅವರನ್ನೇ ಕೇಳಬೇಕು ಎಂಬುದು ವಾಣಿಜ್ಯ ವಿದ್ಯಾರ್ಥಿನಿಯಾದ ನನ್ನ ಅಭಿಪ್ರಾಯ. ಮಾಹಿತಿ ಹುಡುಕುವುದೇ ಅವರ ವೃತ್ತಿ.

ಪ್ರತಿ ಕಂಪನಿಗೂ 21 ಅಕ್ಷರ, ಅಂಕಿಗಳ ಸಿಐಎನ್ ಸಂಖ್ಯೆ ಇರುತ್ತದೆ. ಲೆಟರ್‌ಹೆಡ್‌ನಲ್ಲಿ ಅದು ಇರಲೇಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದನ್ನು ತಾಳೆ ನೋಡಬಹುದು.

ಆದರೆ ನೋಂದಣಿ ಎಂದರೆ ಪ್ರಾಮಾಣಿಕತೆಯಲ್ಲ. ಬೆಂಗಳೂರಿನ ಐಎಂಎ ಕೂಡ ನೋಂದಾಯಿತ ಸಂಸ್ಥೆಯೇ. ‘ಹಲಾಲ್ ಲಾಭ’ ಎಂಬ ಮಾತನ್ನು ನಂಬಿದ ಸಾವಿರಾರು ಕುಟುಂಬಗಳ ಉಳಿತಾಯ 2019ರಲ್ಲಿ ಮುಳುಗಿತು. ಹಾಗಾಗಿ, ಠೇವಣಿ ಪಡೆಯಲು ಅನುಮತಿ ಇದೆಯೇ ಎಂದು ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲೂ ನೋಡಬೇಕು.

ಅಬ್ಬಾ, ಅಮ್ಮಿ ಹಣ ಕಟ್ಟುವ ಮುನ್ನ ಈ ಎರಡನ್ನೂ ನಾವೇ ಪರಿಶೀಲಿಸೋಣ.