ಆಗಂಗಿಲ್ಲ ಅಂದ್ರ ಯಾಕ ಅಂತ ಹೇಳ್ರಿ

ಲಾರಿಯ ಹೊಗೆಯ ಬಗ್ಗೆ ಬರೆಯುವವರಿಗೆ ಲಾರಿ ಮಾಲೀಕ ಅಂದರೆ ಒಂದೇ ಚಿತ್ರ: ನಾಲ್ಕು ದುಡ್ಡು ಉಳಿಸಲು ಗಾಡಿಯ ಯಂತ್ರ ಕಿತ್ತುಹಾಕಿ ಊರಿನ ಗಾಳಿ ಕೆಡಿಸುವ, ಓದುಬರಹವಿಲ್ಲದ ಮನುಷ್ಯ. ಈ ಚಿತ್ರದಲ್ಲಿ ಅರ್ಧ ಬಿಟ್ಟುಹೋಗಿದೆ ಎನ್ನುವುದು ನನ್ನ ತಕರಾರು. ಆ ಮನುಷ್ಯ ರಸ್ತೆಬದಿಯ ಗ್ಯಾರೇಜಿಗೆ ಹೋಗುವ ಮೊದಲು ಶೋರೂಮಿನ ಸರ್ವಿಸ್ ಕೌಂಟರಿನ ಮುಂದೆ ನಿಂತಿರುತ್ತಾನೆ. ಅಲ್ಲಿ ಅವನಿಗೆ ಏನು ಉತ್ತರ ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ.

ನಾನು ಕೇಳಿಸಿಕೊಂಡಿದ್ದೇನೆ. ನಮ್ಮೂರು ಬಿಜ್ಜರಗಿ, ತಿಕೋಟಾ ತಾಲೂಕಿನ ದ್ರಾಕ್ಷಿ ಸೀಮೆ. ನಮ್ಮ ಕಾಕಾನದು ಆರು ಗಾಲಿಯ ಬಿಎಸ್-6 ಲಾರಿ. ಹಂಗಾಮಿನಲ್ಲಿ ಅದರ ಕೆಲಸ ತೋಟದಿಂದ ಶೆಡ್ಡಿಗೆ, ಶೆಡ್ಡಿನಿಂದ ಕೋಲ್ಡ್ ಸ್ಟೋರೇಜಿಗೆ. ಯಾವಾಗಲಾದರೊಮ್ಮೆ ಒಣದ್ರಾಕ್ಷಿ ಹೇರಿಕೊಂಡು ತಾಸಗಾಂವ ಪೇಟೆಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಹತ್ತುವುದು, ಪಿಕಪ್ ಬೀಳುವುದು, ಲಾರಿ ಹತ್ತಿರದ ಏರು ಏರಲೂ ಏದುಸಿರು ಬಿಡುವುದು. ಮೂರನೇ ಸಲ ಹೀಗಾದಾಗ "ನಿನಗ ಇಂಗ್ಲಿಷ್ ಬರ್ತದ, ಬಾ" ಎಂದು ನನ್ನನ್ನೂ ವಿಜಯಪುರಕ್ಕೆ ಕರೆದುಕೊಂಡು ಹೋದ. ಕಂಪನಿಯ ಹೆಸರು ಇಲ್ಲಿ ಬೇಡ. ಯಾವ ಕಂಪನಿಯ ಕೌಂಟರಿನಲ್ಲಾದರೂ ಮಾತು ಇದೇ ಇರುತ್ತದೆ ಎಂದು ಲಾರಿಯವರನ್ನು ಕೇಳಿದರೆ ಹೇಳುತ್ತಾರೆ.

"ತಮ್ಮಾ, ಈ ಯೂರಿಯಾದ್ದೆಲ್ಲಾ ತಗದ್ಹಾಕಿ ಕೊಡ್ರಿ. ಪಿಕಪ್ಪೂ ಒಂದೀಟು ಹೆಚ್ಚ ಮಾಡ್ರಿ."

"ಆಗಂಗಿಲ್ರೀ ಕಾಕಾ. ಕಂಪ್ನಿ ಒಪ್ಪಂಗಿಲ್ಲ."

"ಯಾಕ ಒಪ್ಪಂಗಿಲ್ಲ?"

"ವಾರಂಟಿ ಹೋಗ್ತದ್ರೀ."

"ವಾರಂಟಿ ಮುಗದ ಮ್ಯಾಲ?"

ಹುಡುಗ ಆಚೀಚೆ ನೋಡಿ ದನಿ ತಗ್ಗಿಸಿದ. "ಅದು ಹೊರಗ ಮಾಡ್ತಾರ್ರೀ. ನಾವ್ ಹೇಳೀವಿ ಅನಬ್ಯಾಡ್ರಿ ಮತ್ತ."

ಈ ಕೊನೆಯ ಸಾಲಿನ ಮೇಲೆಯೇ ನನ್ನ ಸಿಟ್ಟು. ಹುಡುಗನ ಮೇಲಲ್ಲ, ಅವನ ಸಂಬಳ ಎಷ್ಟಿರಬಹುದೆಂದು ನನಗೆ ಅಂದಾಜಿದೆ. 'ಇಲ್ಲ' ಎನ್ನುವುದನ್ನು ಮಾತ್ರ ಕಲಿಸಿ, 'ಯಾಕೆ' ಎನ್ನುವುದನ್ನು ಕಲಿಸದೆ ಅವನನ್ನು ಅಲ್ಲಿ ಕೂರಿಸಿದ ವ್ಯವಸ್ಥೆಯ ಮೇಲೆ.

ಯಾಕೆ ಎನ್ನುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಜಾರಿಯಾಯಿತು. ದೊಡ್ಡ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ 3.5 ಗ್ರಾಂವರೆಗೆ ನೈಟ್ರೋಜನ್ ಆಕ್ಸೈಡ್ ಬಿಡಬಹುದು ಎಂದಿದ್ದದ್ದು 0.46 ಗ್ರಾಮಿಗೆ ಇಳಿಯಿತು. ಅದಕ್ಕಾಗಿ ಬಂದದ್ದೇ ಲಾರಿಯವರು ಯೂರಿಯಾ ಎನ್ನುವ ದ್ರವ: ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ. ಅದು ಡೀಸೆಲ್‌ಗೆ ಸೇರುವುದಿಲ್ಲ, ಎಂಜಿನ್ನಿನ ಒಳಗೂ ಹೋಗುವುದಿಲ್ಲ. ಸೈಲೆನ್ಸರಿನ ದಾರಿಯಲ್ಲಿ ಬಿಸಿ ಹೊಗೆಯ ಮೇಲೆ ಚಿಮ್ಮಿ, ವಿಷದ ಅನಿಲವನ್ನು ನೈಟ್ರೋಜನ್ ಮತ್ತು ನೀರಾವಿಯಾಗಿ ಒಡೆಯುತ್ತದೆ. ಮಸಿ ಹಿಡಿಯಲು ಬೇರೆಯದೇ ಒಂದು ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಆ ಫಿಲ್ಟರ್ ಸುಮಾರು 600 ಡಿಗ್ರಿ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು. ಆ ಶಾಖ ಬರಬೇಕಾದರೆ ಗಾಡಿ ಒಂದೇ ಓಟದಲ್ಲಿ, ಹೇರು ಹೊತ್ತು, ಸ್ವಲ್ಪ ಹೊತ್ತು ಓಡಬೇಕು. ತೋಟದ ಹಾದಿಯಲ್ಲಿ ಎರಡನೇ ಗೇರಿನಲ್ಲಿ ತೆವಳುವ, ಶೆಡ್ಡಿನ ಮುಂದೆ ತಾಸುಗಟ್ಟಲೆ ಎಂಜಿನ್ ಬಂದ್ ಮಾಡದೆ ನಿಲ್ಲುವ ಲಾರಿಗೆ ಅದು ಎಲ್ಲಿಂದ ಬರಬೇಕು?

ಅಂದರೆ ಕಾಕಾನ ಗಾಡಿಗೆ ಯೂರಿಯಾದ ಕಾಟವೇ ಇರಲಿಲ್ಲ. ಮೂರು ಸಲದ ಜಾಬ್ ಕಾರ್ಡಿನಲ್ಲೂ ಫಿಲ್ಟರ್ ಸುಟ್ಟು ಸ್ವಚ್ಛ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಬರೆದಿದ್ದರು, ದುಡ್ಡೂ ತೆಗೆದುಕೊಂಡಿದ್ದರು. ವಾರಕ್ಕೊಮ್ಮೆ ಹೆದ್ದಾರಿ 52ರ ಮೇಲೆ ಅರ್ಧ ತಾಸು ನಿಲ್ಲದೆ ಓಡಿಸಿರಿ, ಇಲ್ಲವೇ ಒಣಹುಲ್ಲು ಇಲ್ಲದ ಬಯಲಿನಲ್ಲಿ ನಿಲ್ಲಿಸಿ ಡ್ಯಾಶ್‌ಬೋರ್ಡಿನ ಈ ಬಟನ್ ಒತ್ತಿರಿ ಎಂದು ಒಂದು ಮಾತು ಹೇಳಿರಲಿಲ್ಲ. ಅದೆಲ್ಲ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಪುಸ್ತಕ ಇಂಗ್ಲಿಷಿನಲ್ಲಿದೆ. ಗಾಡಿಯಲ್ಲಿ ಕೆಟ್ಟಿಲ್ಲದ ಭಾಗ ಯಾವುದಿತ್ತೋ ಅದನ್ನೇ ಕೀಳಿಸಲು ಕಾಕಾ ಹೊರಟಿದ್ದ. ಇದಕ್ಕೆ ಅವನ ಅಜ್ಞಾನ ಎನ್ನುತ್ತೀರೋ, ಜ್ಞಾನವನ್ನು ಕೌಂಟರಿನ ಆಚೆ ಇಟ್ಟುಕೊಂಡವರ ವ್ಯಾಪಾರ ಎನ್ನುತ್ತೀರೋ?

(ನಮ್ಮ ವಿಭಾಗದ ಸೆಮಿನಾರುಗಳಲ್ಲಿ ಜ್ಞಾನದ ವಸಾಹತೀಕರಣದ ಬಗ್ಗೆ ದಿನವಿಡೀ ಚರ್ಚೆ ನಡೆಯುತ್ತದೆ. ಊಟದ ತನಕ ನಾನೂ ಕೂತಿರುತ್ತೇನೆ. ಜಾಬ್ ಕಾರ್ಡಿನ ಮಾತು ಅಲ್ಲಿ ಇದುವರೆಗೆ ಬಂದಿಲ್ಲ.)

ಒಂದು ಮಾತು ಸ್ಪಷ್ಟವಾಗಲಿ. ಯೂರಿಯಾ ವ್ಯವಸ್ಥೆಗೆ ಸುಳ್ಳು ಸಂಕೇತ ಕೊಡುವ ಪುಟ್ಟ ಡಬ್ಬಿ ಕೂರಿಸಿಕೊಳ್ಳುವುದನ್ನು ನಾನು ಸಮರ್ಥಿಸುತ್ತಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಅದನ್ನು ಮೊದಲು ಕುಡಿಯುವವರು ಡ್ರೈವರ್, ಕ್ಲೀನರ್, ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳು. ಕಾನೂನೂ ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ರಚನೆಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. "ಹೊರಗ ಮಾಡ್ತಾರ್ರೀ" ಎಂದ ಹುಡುಗ ಇದನ್ನೂ ಹೇಳಲಿಲ್ಲ. ವಾರಂಟಿ ಹೋಗುತ್ತದೆ ಎಂದ, ಜೈಲಿಗೆ ಹೋಗಬಹುದು ಎನ್ನಲಿಲ್ಲ.

ಇನ್ನು ನಮ್ಮ ಎಮಿಷನ್ ಟೆಸ್ಟ್. ಡೀಸೆಲ್ ಗಾಡಿಯಲ್ಲಿ ಅದು ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡಿಗೆ ಅಲ್ಲಿ ಲೆಕ್ಕವೇ ಇಲ್ಲ. ಹೀಗಾಗಿ ಯೂರಿಯಾ ತೆಗೆಸಿದ ಗಾಡಿಗೂ ಪಾಸ್ ಚೀಟಿ ಸಿಗಬಹುದು. "ಹೊಗಿ ಕಾಣಂಗಿಲ್ಲ, ಹಂಗಾದ್ರ ತಪ್ಪೇನು?" ಎಂದು ಲಾರಿಯವನು ಕೇಳಿದರೆ ಅದು ಮೊಂಡುವಾದವಲ್ಲ. ಸರ್ಕಾರದ ಯಂತ್ರವೂ ಅದನ್ನೇ ಹೇಳುತ್ತಿದೆ.

ಕಂಪನಿಗಳ ಪಾವಿತ್ರ್ಯವನ್ನೂ ನೋಡಿಬಿಡೋಣ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಶುದ್ಧವಾಗಿರುವಂತೆ ಸಾಫ್ಟ್‌ವೇರ್ ಬರೆದು, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ವಾಹನಗಳನ್ನು ಮಾರಿದ ಫೋಕ್ಸ್‌ವ್ಯಾಗನ್ 2015ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿತ್ತು. ನಮ್ಮಲ್ಲಿ 2019ರಲ್ಲಿ ಹಸಿರು ನ್ಯಾಯಮಂಡಳಿ ಅದಕ್ಕೆ 500 ಕೋಟಿ ರೂಪಾಯಿ ದಂಡ ಹಾಕಿತು. ರಸ್ತೆಬದಿಯ ಮಿಸ್ತ್ರಿಯ ಡಬ್ಬಿ ಮಾಡುವುದೂ ಇಂಥದೇ ಕಳ್ಳಾಟ. ಒಬ್ಬನದು ಎಂಜಿನಿಯರಿಂಗ್ ಅನಿಸಿಕೊಂಡಿತ್ತು, ಇನ್ನೊಬ್ಬನದು ಕಿಡಿಗೇಡಿತನ.

ವಿಚಿತ್ರವೆಂದರೆ ಈ ದೇಶದ ಲಾರಿ ಕಂಪನಿಯಲ್ಲಿ ಪೂರ್ತಿಯಾಗುತ್ತಲೇ ಇರಲಿಲ್ಲ. ಕಾಕಾನ ಮೊದಲ ಲಾರಿ ಬಂದದ್ದು ಬರೀ ಚಾಸಿ ಮತ್ತು ಮೂತಿಯಾಗಿ. ಕ್ಯಾಬಿನ್, ಬಾಡಿ, ಸೀಟು, ಬಣ್ಣ ಎಲ್ಲ ಬಡಿಗೇರ ಮತ್ತು ವೆಲ್ಡರನ ಕೈಯದು. ಗಾಡಿಯನ್ನು ತನ್ನ ಕೆಲಸಕ್ಕೆ ತಕ್ಕಂತೆ ಮಾಡಿಕೊಳ್ಳುವುದು ಅವನಿಗೆ ಕಾನೂನುಭಂಗವಲ್ಲ, ರೂಢಿ. ಆ ರೂಢಿ ಎಲ್ಲಿ ನಿಲ್ಲಬೇಕು, ಯಾಕೆ ನಿಲ್ಲಬೇಕು ಎಂದು ಯಾರಾದರೂ ಕೂತು ಹೇಳಬೇಕಾಗಿತ್ತು.

ಹೇಳಿ ಎಂದು ಕೇಳಲು ಆಧಾರವೂ ಇದೆ. ಬಿಡಿಭಾಗ ಮತ್ತು ದೋಷ ಪತ್ತೆ ಮಾಡುವ ಸ್ಕ್ಯಾನರನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಮುಚ್ಚಿಟ್ಟುಕೊಂಡದ್ದಕ್ಕೆ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಸಮಿತಿ ರಚಿಸಿದಾಗ ಕೃಷಿ ಉಪಕರಣ ಮತ್ತು ವಾಹನಗಳೆರಡೂ ಅದರ ಪಟ್ಟಿಯಲ್ಲಿದ್ದವು. ಆ ಹಕ್ಕು ಬಿಜ್ಜರಗಿಯ ತನಕ ಬರುವುದಾದರೆ ಕನ್ನಡದಲ್ಲಿ ಬರಲಿ. ಜಾಬ್ ಕಾರ್ಡಿನಲ್ಲಿ ಯಾವ ಲೈಟ್, ಅದರ ಅರ್ಥವೇನು, ಮತ್ತೆ ಹತ್ತದಿರಲು ಡ್ರೈವರ್ ಏನು ಮಾಡಬೇಕು ಎಂದು ಮೂರು ಸಾಲು ಬರೆದುಕೊಡಲಿ. ಗಾಡಿ ಮಾರುವ ದಿನವೇ "ನಿಮ್ಮ ಲಾರಿ ಎಲ್ಲೆಲ್ಲಿ ಓಡ್ತದ್ರೀ?" ಎಂದು ಕೇಳಲಿ. ಸಾಲದ ಕಾಗದದಲ್ಲಿ ಸಹಿ ಎಲ್ಲಿ ಹಾಕಬೇಕೆಂದು ಅಚ್ಚ ಬಿಜಾಪುರ ಕನ್ನಡದಲ್ಲಿ ತಿಳಿಸಿ ಹೇಳಿದವರು ಅವರೇ.